ನಿಮ್ಮವರು ಇಲ್ಲಿದ್ದಾರೆ

‘ಕಳೆದುಹೋಗಿದ್ದಾರೆ’ ಎಂಬ ಮಾತನ್ನು ಮೈಕಣ್ಣ ತನ್ನ ಜೀವಮಾನದಲ್ಲಿ ಧ್ವನಿವರ್ಧಕದ ಮುಂದೆ ಆಡಿದವನಲ್ಲ. ದೇವಸ್ಥಾನದ ವಾರ್ಷಿಕೋತ್ಸವಕ್ಕೆ ಊರೂರುಗಳಿಂದ ನಡೆದು ಬಂದ ಯಾತ್ರಿಕರ ನೂಕುನುಗ್ಗಲಿನಲ್ಲಿ ಕೈತಪ್ಪಿದ ಮಕ್ಕಳು, ಮುದುಕರು, ಹೊಸ ಮದುಮಗಳು, ಯಾರನ್ನೇ ತಂದು ಅವನ ತಗಡಿನ ಚಪ್ಪರದಡಿ ಕೂರಿಸಿದರೂ, ಗಂಟಲು ಸರಿಪಡಿಸಿಕೊಂಡು, ಮದುವೆಗೆ ಕರೆಯುವವನ ಸಡಗರದಲ್ಲಿ “ನಿಮ್ಮವರು ಇಲ್ಲಿದ್ದಾರೆ, ಬನ್ನಿ” ಎನ್ನುತ್ತಿದ್ದ. “ಕಳೆದುಹೋಗೋದು ಕೊಡೆ, ಚಪ್ಪಲಿ. ಮನುಷ್ಯರು ಸ್ವಲ್ಪ ಹಿಂದೆಮುಂದೆ ಆಗ್ತಾರೆ, ಅಷ್ಟೆ” ಎಂಬುದು ಅವನ ಸಿದ್ಧಾಂತ.

ಉಳಿದ ದಿನಗಳಲ್ಲಿ ಆತ ನಮ್ಮ ಬೀದಿಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ. ಯಾರೋ ಕರೆದಂತೆ ಒಂದು ಕಿವಿ ಮುಂದೆ ಮಾಡಿಕೊಂಡು ಓರೆಯಾಗಿ ನಡೆಯುವುದು ಅವನ ನಡಿಗೆ. ಮನೆಯಲ್ಲಂತೂ ದನಿಯೇ ಹೊರಡುತ್ತಿರಲಿಲ್ಲ. “ಊರಿಗೆಲ್ಲ ಕೂಗ್ತಾರೆ, ಉಪ್ಪು ಬೇಕಾದ್ರೆ ನನ್ನ ಹತ್ರ ಸನ್ನೆ ಮಾಡ್ತಾರೆ” ಎಂದು ಹೆಂಡತಿ ನಗುತ್ತಿದ್ದಳು. ಉತ್ಸವ ಬಂತೆಂದರೆ ಸುಡುಬಿಸಿಲಲ್ಲೂ ದಪ್ಪ ಕರಿಯ ಕೋಟು ಮೈಮೇಲೇರುತ್ತಿತ್ತು. ಅದರ ಒಂದು ಜೇಬಿನಲ್ಲಿ ಅಳುವ ಮಕ್ಕಳಿಗೆ ಪೆಪ್ಪರ್‌ಮಿಂಟು, ಇನ್ನೊಂದರಲ್ಲಿ ಅಳುವ ತಾಯಂದಿರಿಗೆ ಕರವಸ್ತ್ರ.

ಒಮ್ಮೆ ಒಬ್ಬ ಮುದುಕ ಹೆಂಡತಿಯನ್ನು ಹುಡುಕಿಕೊಂಡು ಬಂದ. ಹೆಸರೇನು ಎಂದರೆ ತಬ್ಬಿಬ್ಬಾದ. “ಹೆಸರು ಹಿಡಿದು ಯಾವತ್ತು ಕರೆದಿದ್ದೀನಿ? ‘ಏ, ಬಾ ಇಲ್ಲಿ’ ಅಂತೀನಿ, ಬರ್ತಾಳೆ.” ಮೈಕಣ್ಣ ಮೈಕನ್ನು ಅವನ ಬಾಯಿಗೇ ಹಿಡಿದ: “ಹಾಗೇ ಕೂಗಿ ತಾತ.” ಕೂಗಿದ್ದಕ್ಕೆ ಅಂಗಳದ ಅರ್ಧದಷ್ಟು ಹೆಂಗಸರು ಬೆಚ್ಚಿ ತಿರುಗಿದರು, ಬೈಯುತ್ತ ಬಂದವಳು ಮಾತ್ರ ಒಬ್ಬಳೇ.

ಇಂಥವನು ಸೋತದ್ದು ಒಂದು ಉತ್ಸವದ ಕೊನೆಯ ದಿನ. ಕಂಬದ ಬುಡದಲ್ಲಿ ಕುಳಿತಿದ್ದ ಮುದುಕಿಯೊಬ್ಬಳನ್ನು ಯಾರೋ ಕರೆತಂದು ಬಿಟ್ಟರು. “ಮಗ ಸೊಸೆ ‘ಇಲ್ಲೇ ಕೂತಿರು, ಪೂಜೆ ಮುಗಿಸಿ ಬರ್ತೀವಿ’ ಅಂದ್ರು” ಎಂದಳು. ಮೈಕಣ್ಣ ಮಗನ ಹೆಸರು ಹಿಡಿದು ಕರೆದ, ಊರು ಹೇಳಿ ಕರೆದ, ಆಕೆಯ ಸೀರೆಯ ಬಣ್ಣ ಹೇಳಿ ಕರೆದ. ಅಂಗಳ ಬರಿದಾಗುತ್ತ ಬಂತು. ರಾತ್ರಿಯ ಥಂಡಿಗೆ ಶಾಲು ತೆಗೆಯಲೆಂದು ಮುದುಕಿ ಗಂಟು ಬಿಚ್ಚಿದಾಗ ಆತ ಕಂಡ: ಸೀರೆಗಳು, ಔಷಧಿ, ಹಾಸುವ ಚಾದರ, ಆಕೆಯ ಇಡೀ ಸಂಸಾರ. ಒಂದು ದಿನದ ದರ್ಶನಕ್ಕೆ ಯಾರೂ ಹೀಗೆ ಗಂಟು ಕಟ್ಟುವುದಿಲ್ಲ. ಆದರೂ ಮತ್ತೆ ಮೈಕು ಎತ್ತಿದ.

“ಸಾಕು ಬಿಡಪ್ಪಾ, ಗಂಟಲು ಹರ್ಕೋಬೇಡ” ಎಂದಳು ಮುದುಕಿ. “ಅವರಿಗೆ ಕೇಳಿಸಿದೆ.”

ಮೈಕಣ್ಣ ಮೈಕು ಕೆಳಗಿಟ್ಟ. ಆಮೇಲೆ ಸ್ವಿಚ್ಚು ಆರಿಸಿ, ಕೋಟು ತೆಗೆದು ಆಕೆಗೆ ಹೊದಿಸಿದ.

“ಏಳಮ್ಮ, ಹೋಗೋಣ.”

“ಎಲ್ಲಿಗೆ?”

“ಮನೆಗೆ.”

ಬಾಗಿಲಲ್ಲಿ ನಿಂತ ಹೆಂಡತಿ ಇಬ್ಬರನ್ನೂ ನೋಡಿದಳು, ಗಂಟನ್ನೂ ನೋಡಿದಳು. “ಪ್ರಸಾದ ತರ್ತಾರೆ ಅಂತ ಕಾಯ್ತಿದ್ದೆ, ಅತ್ತೇನ ತಂದಿದ್ದಾರೆ” ಎಂದವಳೇ ಸ್ನಾನಕ್ಕೆ ನೀರು ಕಾಯಿಸಲು ಒಳಗೆ ಹೋದಳು.

ಆ ಅತ್ತೆ ಅವರ ಮನೆಯಲ್ಲಿ ಬಹುಕಾಲ ಬಾಳಿದಳು. ಸೊಸೆಯೊಡನೆ ಜಗಳವಾಡುವಷ್ಟು ಹಕ್ಕಿನಿಂದ ಬಾಳಿದಳು. ಪ್ರತಿ ಉತ್ಸವದಲ್ಲೂ ಹಟಮಾಡಿ ಚಪ್ಪರಕ್ಕೆ ಬಂದು, ಅಳುವ ಮಕ್ಕಳನ್ನೆಲ್ಲ ಮಡಿಲಿಗೆ ಎಳೆದುಕೊಳ್ಳುತ್ತಿದ್ದಳು. ಕೊನೆಯ ದಿನ ಮಾತ್ರ ಆಕೆಯ ಕಣ್ಣು, ಮರಳಿ ಹೊರಟವರ ಮುಖಗಳನ್ನು ಒಂದೊಂದಾಗಿ ಹುಡುಕುತ್ತಿತ್ತು. ಮೈಕಣ್ಣ ಕಂಡೂ ಕಾಣದವನಂತೆ ತಂತಿ ಸುತ್ತುತ್ತಿದ್ದ.

ಈಗ ಇಬ್ಬರೂ ಇಲ್ಲ; ಎಲ್ಲರ ಜೇಬಿನಲ್ಲೂ ಫೋನು ಇರುವ ಕಾಲಕ್ಕೆ ಚಪ್ಪರವೂ ಬೇಡವಾಗಿದೆ. ಆದರೆ ಯಾವ ಯಾತ್ರಾಸ್ಥಳಕ್ಕೆ ಹೋದರೂ ಅವನ ಕುಲದವರು ನಾಲ್ಕಾರು ಮಂದಿ ಸಿಗುತ್ತಾರೆ: ನೀರು ಕೊಡುವವರು, ಪಾದರಕ್ಷೆ ಕಾಯುವವರು, ಬಿದ್ದವರನ್ನು ಎತ್ತುವವರು. ಜನಸಾಗರವೆಲ್ಲ ದೇವರತ್ತ ಮುಖಮಾಡಿ ನಿಂತಾಗ ಇವರು ದೇವರಿಗೆ ಬೆನ್ನುಕೊಟ್ಟು ಜನರತ್ತ ತಿರುಗಿರುತ್ತಾರೆ. ಗರ್ಭಗುಡಿಯೊಳಗಿಂದ ದೇವರು ನೋಡುವುದೂ ಆ ಕಡೆಗೇ.