ಜರಡಿಯವರ ಮನೆಗೆ ಹೋದ ಫಲಕ

ಗೋಡೆಗೆ ತೂಗುಹಾಕುವ ಮರದ ಫಲಕಗಳನ್ನು ಮಾಡುವ ಆ ಕಾರ್ಖಾನೆಯಲ್ಲಿ ಒಂದು ನಿಯಮವಿತ್ತು. ಇಂಗ್ಲಿಷಿನಿಂದ ಅನುವಾದವಾದ ಮಾತನ್ನು, ಮೂಲ ನೋಡದ ಇನ್ನೊಬ್ಬರು ಮತ್ತೆ ಇಂಗ್ಲಿಷಿಗೆ ತಿರುಗಿಸಬೇಕು. ಹೋದ ಮಾತೇ ಮರಳಿ ಬಂದರೆ ಪಾಸು, ಇಲ್ಲದಿದ್ದರೆ ಕಸದ ಬುಟ್ಟಿ. ಕನ್ನಡದ ಪಾಲಿಗೆ ಆ ಇನ್ನೊಬ್ಬರೆಂದರೆ ನಿವೃತ್ತಿಯ ಅಂಚಿನಲ್ಲಿದ್ದ ಒಬ್ಬ ಹಿರಿಯರು. ಅವರಿಗೆ ಎಲ್ಲರೂ ಸೇರಿ ಇಟ್ಟ ಹೆಸರು ಜರಡಿ.

ಹೊಸ ಅನುವಾದಕಿಯ ಪಾಲಿಗೆ ಬಂದದ್ದು ‘ಹೋಮ್ ಸ್ವೀಟ್ ಹೋಮ್’. ಉಳಿದ ನಾಲ್ಕು ಭಾಷೆಯವರು ಎರಡೇ ದಿನಕ್ಕೆ ಮುಗಿಸಿ ಆರಾಮಾಗಿ ಚಹಾ ಹೀರುತ್ತಿದ್ದರು. ಇವಳದು ಎರಡು ಸಲ ವಾಪಸ್ ಬಂದಿತ್ತು. ‘ಸಿಹಿ ಮನೆ’, ‘ಮನೆ, ಸಿಹಿ ಮನೆ’ ಎರಡನ್ನೂ ಜರಡಿ ಮಿಠಾಯಿ ಅಂಗಡಿ ಮಾಡಿಬಿಟ್ಟಿದ್ದರು. ಅದು ಹೋಗಲಿ, ತಪ್ಪು ಅವಳದೇ. ಆದರೆ ಮೂರನೆಯದು, ‘ಅಬ್ಬಾ, ಅಂತೂ ಮನೆ ಬಂತು!’, ಅದನ್ನು ಬಿಟ್ಟುಕೊಡಲು ಅವಳಿಗೆ ಸುತರಾಂ ಮನಸ್ಸಿರಲಿಲ್ಲ.

“ಮನೆ ಎಲ್ಲಿಂದಮ್ಮಾ ಬಂತು? ಅದಕ್ಕೇನು ಕಾಲಿದ್ಯಾ?” ಎಂದು ಜರಡಿ ಅದನ್ನೂ ತಳ್ಳಿಹಾಕಿದರು.

ಕಾರ್ಖಾನೆಯ ಯಜಮಾನಿ ಅವಳನ್ನು ಕರೆದು ಖಂಡತುಂಡವಾಗಿ ಹೇಳಿದಳು. “ನಾಳೆ ಬೆಳಗ್ಗೆಯೊಳಗೆ ಪಾಸಾಗ್ಬೇಕು. ಇಲ್ಲಾಂದ್ರೆ ನಾಡಿದ್ದಿಂದ ನೀವು ಬರೋದೇ ಬೇಡ.”

ಅವಳು ಅಲ್ಲಿಂದ ಹೊರಡದೆ ಕೇಳಿದಳು. “ಮೇಡಂ, ಜರಡಿಯೋರು ಕುರ್ಚೀಲಿ ಕೂತೇ ಓದ್ಬೇಕು ಅಂತ ನಿಯಮದಲ್ಲಿದ್ಯಾ?”

ಇರಲಿಲ್ಲ.

ಅದೇ ಮೂರನೆಯ ಮಾತನ್ನು ಫಲಕದ ಮೇಲೆ ಬರೆಸಿಕೊಂಡು ಮಧ್ಯಾಹ್ನವೇ ಅವಳು ಜರಡಿಯವರ ಮನೆಗೆ ಹೋದಳು. ಅವರ ಹೆಂಡತಿಯನ್ನು ಒಪ್ಪಿಸಿ, ಬಾಗಿಲ ಎದುರಿನ ಗೋಡೆಗೆ ಅದನ್ನು ತೂಗುಹಾಕಿದಳು.

“ಅವ್ರು ಕಣ್ಣೆತ್ತಿ ನೋಡಿದ್ರೆ ನಿನ್ನ ಪುಣ್ಯ,” ಎಂದರು ಆಕೆ.

ಬೆಳಗ್ಗೆ ಜರಡಿ ನೆಟ್ಟಗೆ ಇವಳ ಮೇಜಿಗೇ ಬಂದರು.

“ನಿನ್ನೆ ಬಸ್ಸಲ್ಲಿ ಉದ್ದಕ್ಕೂ ನಿಂತ್ಕೊಂಡೇ ಹೋದೆ. ಲಿಫ್ಟ್ ಬೇರೆ ಕೆಟ್ಟಿತ್ತು. ನಾಲ್ಕು ಮಹಡಿ ಹತ್ತಿ, ಬಾಗ್ಲು ತೆಗ್ದು, ಚೀಲ ಕೆಳಗಿಟ್ಟು ತಲೆ ಎತ್ತಿದ್ರೆ...” ಮಾತು ಮುಗಿಸದೆ ಅವರು ಒಂದು ಚೀಟಿ ಮುಂದಿಟ್ಟರು. ಅದರಲ್ಲಿ ಅವರದೇ ಗುಂಡು ಇಂಗ್ಲಿಷ್ ಅಕ್ಷರಗಳಲ್ಲಿ ಮೂರೇ ಪದ: ಹೋಮ್ ಸ್ವೀಟ್ ಹೋಮ್.

ಅವಳು ಕೂಗಿದ ಕೂಗಿಗೆ ನಾಲ್ಕು ಮೇಜಿನವರೂ ಎದ್ದು ನಿಂತರು. ಗೆದ್ದೆ ಎಂದು ಊರಿಗೆಲ್ಲ ಸಾರಬೇಕೆನಿಸಿತು ಅವಳಿಗೆ. ಯಜಮಾನಿ ನಗುತ್ತಲೇ ಕೆಲಸ ಖಾಯಂ ಮಾಡಿ ಸಹಿ ಹಾಕಿ, “ಫಲಕ ವಾಪಸ್ ತಂದ್ರಾ?” ಎಂದು ಜರಡಿಯವರನ್ನು ಕೇಳಿದಳು.

“ಹೆಂಡ್ತಿ ಕೊಡಲ್ಲ ಅಂದ್ಳು,” ಎಂದರು ಜರಡಿ. ಆಮೇಲೆ ದನಿ ತಗ್ಗಿಸಿ, “ನಾನೂ ಕೇಳೋಕ್ಕೆ ಹೋಗ್ಲಿಲ್ಲ.”