ಸುರಿಯದ ನೀರು

ಎರಡನೆಯ ಭಾನುವಾರವೂ ಸಿಬಿಲ್ ಬಾಯಿ ಬಿಡಲಿಲ್ಲ.

ಹೊಸ ಪಾದ್ರಿ ಜನರ ಕಡೆ ತಿರುಗಿ, ಸೈಮನನ ಮಗಳು ಅವಿಸಳಿಗೂ ಸೂರಿಗೆ ಹುಲ್ಲು ಹೊದಿಸುವ ಗಿಲ್ಬರ್ಟನಿಗೂ ಮದುವೆ ಎಂದು ಸಾರಿದ; ಹೀಗೆ ಮೂರು ಭಾನುವಾರ ಸಾರಿದ ಮೇಲೆಯೇ ಮದುವೆ ನಡೆಯುವುದು. ಇದಕ್ಕೆ ಅಡ್ಡಿಯಾಗುವಂಥದ್ದು ಯಾರಿಗಾದರೂ ತಿಳಿದಿದ್ದರೆ ಹೇಳಬೇಕು ಎಂದ. ಹೇಳಿ ಮೂರು ಉಸಿರಿನಷ್ಟು ಹೊತ್ತು ಕಾದ. ಆ ಮೂರರಲ್ಲಿ ಸಿಬಿಲ್ ಒಂದನ್ನೂ ಎಳೆದುಕೊಳ್ಳಲಿಲ್ಲ. ಪಕ್ಕದಲ್ಲಿ ನಿಂತಿದ್ದ ಮಗಳು ಅವಿಸಳ ತೋಳು ತನ್ನ ತೋಳಿಗೆ ತಾಗಿ ಬೆಚ್ಚಗಿತ್ತು.

ಚರ್ಚಿನಲ್ಲಿ ಜನ ಕಡಿಮೆ. ಮಹಾಮಾರಿ ಬಂದು ಹೋದ ಮೇಲೆ ಇದು ಎರಡನೆಯ ಸುಗ್ಗಿ. ಮೊದಲೆಲ್ಲ ಭುಜಕ್ಕೆ ಭುಜ ಒತ್ತಿ ನಿಲ್ಲುತ್ತಿದ್ದ ನೆಲದಲ್ಲಿ ಈಗ ಒಬ್ಬೊಬ್ಬರ ನಡುವೆ ಒಂದೊಂದು ಹಸು ಕಟ್ಟಬಹುದಿತ್ತು.

ಹೊರಗೆ ಬಂದಾಗ ಗೋರಿ ತೋಡುವ ಹಾಬ್ ಅಡ್ಡ ಬಂದ. ಮಹಾಮಾರಿಯ ಚಳಿಗಾಲದಲ್ಲಿ ಎಲ್ಮ್‌ಕೋಟ್ ಊರಿನ ಅರ್ಧ ಜನರನ್ನು ಮಣ್ಣಿಗಿಟ್ಟವನು ಅವನು.

"ಸಿಬಿಲಕ್ಕಾ, ಮದುವೆಗೆ ಎಷ್ಟು ಪೀಪಾಯಿ ಹೆಂಡ ಇಳಿಸ್ತೀಯ? ಹೆಣ ಹೂತು ಹೂತು ಕೈ ಮರಗಟ್ಟಿದೆ. ಒಂದ್ಸಲನಾದ್ರೂ ಆ ಕೈಯಲ್ಲಿ ಬಟ್ಟಲು ಹಿಡೀಬೇಕು."

"ನಿನ್ನ ಕೈಯಲ್ಲಿ ಬಟ್ಟಲು ಇಲ್ದೇ ಇದ್ದ ದಿನ ಯಾವ್ದು?"

"ಅದು ದುಃಖಕ್ಕೆ ಕುಡಿದಿದ್ದಕ್ಕ. ಇದು ಸಂತೋಷಕ್ಕೆ. ಲೆಕ್ಕನೇ ಬೇರೆ."

ಅವಿಸ್ ನಕ್ಕಳು. ಗಿಲ್ಬರ್ಟನೂ ನಕ್ಕ. ನಗುವಾಗ ಅವನ ಎಡಗೆನ್ನೆ ಒಂದಿಷ್ಟು ಮೇಲಕ್ಕೆ ಸೆಳೆದುಕೊಳ್ಳುತ್ತಿತ್ತು. ಸಿಬಿಲಳ ಗಂಡ ಸೈಮನನದೂ ಹಾಗೆಯೇ ಇತ್ತು. ಎರಡು ವರ್ಷದ ಹಿಂದಿನವರೆಗೆ ಸಿಬಿಲ್ ಅದನ್ನು ನೋಡಿದವಳೇ ಅಲ್ಲ. ಈಗ ಬೇರೆ ಏನೂ ಕಾಣುತ್ತಿರಲಿಲ್ಲ.

ಆ ಚಳಿಗಾಲ ಊರಿನ ಹಳೆಯ ಪಾದ್ರಿ ಮೊದಲ ವಾರದಲ್ಲೇ ಸತ್ತ. ಸುತ್ತಲಿನ ನಾಲ್ಕು ಊರುಗಳಲ್ಲೂ ಪಾದ್ರಿಗಳಿರಲಿಲ್ಲ. ಪಾಪ ಹೇಳಿಕೊಳ್ಳದೆ ಸಾಯುವುದೆಂದರೆ ಜನಕ್ಕೆ ಸಾವಿಗಿಂತ ದೊಡ್ಡ ಭಯ. ಆಗ ಬಿಷಪ್ಪರ ಕಾಗದ ಬಂತು. ಪಾದ್ರಿ ಸಿಗದಿದ್ದರೆ ಯಾರಿಗಾದರೂ ಹೇಳಿಕೊಳ್ಳಿ. ಗಂಡಸು ಸಿಗದಿದ್ದರೆ ಹೆಂಗಸಿಗಾದರೂ ಸರಿ. ಕೇಳಿಸಿಕೊಂಡವರು ಅದನ್ನು ಸಾಯುವ ತನಕ ಹೊರಗೆ ಬಿಡಕೂಡದು. ಆ ಕಾಗದವನ್ನು ಓದಿ ಹೇಳಿದ ಗುಮಾಸ್ತ ಮೂರನೆಯ ದಿನ ತೀರಿಕೊಂಡ.

ಸೈಮನ್ ಸತ್ತ ಆರನೆಯ ದಿನ ಮಾಬೆಲ್ ಹೇಳಿಕಳಿಸಿದಳು. ಮಾಬೆಲ್ ಗಿಲ್ಬರ್ಟನ ತಾಯಿ, ಬೇಲಿಯಾಚೆಯ ಮನೆಯವಳು, ಸಿಬಿಲಳ ಜೊತೆ ಒಂದೇ ಒರಳಿನಲ್ಲಿ ಕುಟ್ಟಿ, ಒಂದೇ ಒಲೆಯಲ್ಲಿ ಬೇಯಿಸಿದವಳು. ಅವಳ ಗಂಡ ಆಗಲೇ ಸತ್ತಿದ್ದ. ಮಗನನ್ನು ಕೊಟ್ಟಿಗೆಗೆ ಕಳಿಸಿ ಬಾಗಿಲು ಮುಚ್ಚಿಸಿದ್ದಳು. ಕಂಕುಳಲ್ಲಿ ಗಡ್ಡೆ ಎದ್ದು ಕೈ ಇಳಿಸಲಾಗದೆ, ಹಾರಲು ಹೊರಟ ಹಕ್ಕಿಯ ಹಾಗೆ ಮಲಗಿದ್ದಳು.

"ನೀನೇ ಕೇಳ್ಬೇಕು," ಎಂದಳು. "ಬೇರೆ ಯಾರೂ ಉಳಿದಿಲ್ಲ."

ಸಣ್ಣ ಪಾಪಗಳನ್ನೆಲ್ಲ ಮೊದಲು ಹೇಳಿದಳು. ಕೊನೆಗೆ, "ಗಿಲ್ಬರ್ಟ್ ನನ್ನ ಗಂಡನ ಮಗ ಅಲ್ಲ. ಸೈಮನನ ಮಗ," ಎಂದಳು. "ಒಂದೇ ಬೇಸಗೆ, ಸಿಬಿಲ್. ಆಮೇಲೆ ಇಲ್ಲ."

ಹೊರಗೆ ನಾಯಿಯೊಂದು ಬೊಗಳುತ್ತಿತ್ತು. ಅದು ಯಾರ ಮನೆಯ ನಾಯಿ ಎಂದು ಯೋಚಿಸುತ್ತ ಸಿಬಿಲ್ ಬಹಳ ಹೊತ್ತು ಕುಳಿತಿದ್ದಳು. ಎದ್ದು ಹೋಗಬಹುದಿತ್ತು. ಆದರೆ ಅವಳ ಕೈ ಮಾಬೆಲಳ ಕೈಯಲ್ಲಿತ್ತು, ಮಾಬೆಲ್ ಸಾಯುತ್ತಿದ್ದಳು, ಈ ಲೋಕದಲ್ಲಿ ಅವಳ ಮಾತು ಕೇಳಲು ಬೇರೆ ಕಿವಿ ಇರಲಿಲ್ಲ. "ದೇವರು ಕ್ಷಮಿಸಲಿ," ಎಂದಳು ಸಿಬಿಲ್. ತಾನು ಕ್ಷಮಿಸಿದೆನೋ ಇಲ್ಲವೋ ಎಂದು ಅವಳಿಗೆ ಅಂದೂ ಗೊತ್ತಿರಲಿಲ್ಲ, ಇಂದೂ ಗೊತ್ತಿಲ್ಲ.

ಆಮೇಲೆ ಗಿಲ್ಬರ್ಟ್ ಒಂಟಿಯಾದ. ಒಂಟಿಯಾದವನಿಗೆ ಅವಿಸ್ ರೊಟ್ಟಿ ಒಯ್ದು ಕೊಟ್ಟಳು, ಅಂಗಿ ಹೊಲಿದು ಕೊಟ್ಟಳು. ಇದು ಎಲ್ಲಿಗೆ ಹೋಗುತ್ತದೆಂದು ಸಿಬಿಲಳಿಗೆ ಹೊಳೆಯುವಷ್ಟರಲ್ಲಿ ಅದು ಅಲ್ಲಿಗೆ ಹೋಗಿ ತಲುಪಿತ್ತು.

ಎರಡನೆಯ ಸಾರುವಿಕೆಯ ಮರುದಿನ ಸಿಬಿಲ್ ಹೆಂಡಕ್ಕೆಂದು ಮೊಳಕೆ ಬಾರ್ಲಿಯನ್ನು ಬಿಸಿನೀರಿಗೆ ಹಾಕಿ ತಿರುವುತ್ತ, ಮಗಳ ಕಡೆ ನೋಡದೆ ಹೇಳಿದಳು: "ಇನ್ನೊಂದು ವರ್ಷ ತಡೀಬಹುದಲ್ಲ."

"ಯಾಕೆ?"

"ಹುಲ್ಲು ಹೊದಿಸೋನ ಕೈಯಲ್ಲಿ ಏನು ನಿಲ್ಲುತ್ತೆ? ಮಳೆಗೆ ಮುಂಚೆ ನಾಲ್ಕು ದಿನ ಕೆಲಸ, ಆಮೇಲೆ ಉಪವಾಸ."

"ಅವ್ವಾ, ಈಗ ಅವನು ಕೇಳಿದಷ್ಟು ಕೂಲಿ ಕೊಡ್ತಾರೆ. ಹೊದಿಸೋರೇ ಯಾರೂ ಉಳಿದಿಲ್ಲ." ಅವಿಸ್ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. "ಅವನನ್ನ ಕಂಡ್ರೆ ನಿಂಗಾಗಲ್ಲ. ಮೊದ್ಲು ಹೀಗಿರ್ಲಿಲ್ಲ. ಮಾಬೆಲ್ ಅತ್ತೆ ಹೋದ ಮೇಲೆ ಅವನು ಹೊಸ್ತಿಲು ದಾಟಿದ್ರೆ ನೀನು ಹಿತ್ತಲಿಗೆ ಹೋಗ್ತೀಯ."

"ನಾನು ಒಪ್ಪಲ್ಲ ಅಂದ್ರೆ?"

"ನೀನು ಒಪ್ಪದಿದ್ರೂ ಆಗುತ್ತೆ. 'ನಿನ್ನನ್ನ ವರಿಸಿದೆ' ಅಂತ ಇಬ್ರೂ ಒಬ್ರಿಗೊಬ್ರು ಬಾಯಲ್ಲಿ ಹೇಳ್ಕೊಂಡ್ರೆ ದೇವರ ಮುಂದೆ ಮದುವೇನೇ. ಸಾರೋದು, ಊಟ ಹಾಕೋದು ಎಲ್ಲ ನಿನ್ನ ಮರ್ಯಾದೆಗೆ." ಅಷ್ಟು ಹೇಳಿ ಅವಳು ದನಿ ತಗ್ಗಿಸಿದಳು. "ನಂಗೆ ಅವನು, ನೀನು ಬಿಟ್ರೆ ಇನ್ಯಾರಿದಾರೆ ಹೇಳು."

ಸಿಬಿಲ್ ಹುಟ್ಟು ತಿರುವುತ್ತಲೇ ಇದ್ದಳು. ಮಗಳು ಹೇಳಿದ್ದು ಸರಿಯಾಗಿತ್ತು. ತಾಯಿಯ ಮಾತಿಗೆ ಇಲ್ಲಿ ಬೆಲೆ ಇರಲಿಲ್ಲ. ಬೆಲೆ ಇದ್ದ ಒಂದೇ ಮಾತನ್ನು ಅವಳು ಆಡುವ ಹಾಗಿರಲಿಲ್ಲ.

ಗುರುವಾರ ಒಂದು ಹೂಜಿ ಬಾರ್ಲಿ ಹೆಂಡ ಹಿಡಿದು ಪಾದ್ರಿಯ ಮನೆಗೆ ಹೋದಳು. ಅವನಿಗೆ ಇಪ್ಪತ್ತನಾಲ್ಕು ವರ್ಷ. ಸತ್ತವರ ಜಾಗ ತುಂಬಲು ಅವಸರದಲ್ಲಿ ದೀಕ್ಷೆ ಕೊಟ್ಟು ಕಳಿಸಿದವರಲ್ಲಿ ಒಬ್ಬ. ಅಂಗಳದಲ್ಲಿ ಕುಳಿತು ಅವರೆ ಬಿಡಿಸುತ್ತಿದ್ದ.

"ಸ್ವಾಮಿ, ಒಂದು ಮಾತು. ಆ ಚಳಿಗಾಲ ಬಿಷಪ್ಪರ ಕಾಗದದ ಪ್ರಕಾರ ಕೆಲವ್ರು ಕೆಲವ್ರ ಪಾಪ ಕೇಳಿಸ್ಕೊಂಡ್ರಲ್ಲ. ಅವ್ರು..."

"ಅವ್ರ ಬಾಯಿಗೂ ನನ್ನ ಬಾಯಿಗೂ ಒಂದೇ ಬೀಗಮ್ಮ."

"ಮುಚ್ಚಿಟ್ರೆ ಇನ್ನೊಬ್ರಿಗೆ ಕೇಡಾಗುತ್ತೆ ಅಂದ್ರೂ?"

"ಊರೇ ಹೊತ್ತಿ ಉರಿದ್ರೂ." ಅವನ ಬೆರಳು ಅವರೆಯ ಸಿಪ್ಪೆಯಲ್ಲೇ ನಿಂತಿತು. "ಮಾತಲ್ಲಷ್ಟೇ ಅಲ್ಲ. ಸನ್ನೇಲಿ ಬೇಡ, ಮುಖದಲ್ಲೂ ತೋರಿಸ್ಬಾರ್ದು. ಸತ್ತೋರು ನಮ್ಮನ್ನ ನಂಬಿ ಹೋಗಿದಾರೆ. ಮೇಲೆದ್ದು ಬಂದು ಬೇಡ ಅನ್ನೋಕೆ ಅವ್ರಿಗೆ ಆಗಲ್ಲ."

"ಮತ್ತೆ ಆ ಕೇಡು ಹೇಗೆ ತಪ್ಪಿಸೋದು?"

"ಅದು ಪುಸ್ತಕದಲ್ಲಿಲ್ಲ," ಎಂದ ಪಾದ್ರಿ. ಮೊದಲ ಬಾರಿಗೆ ಅವನು ತನ್ನ ವಯಸ್ಸಿನವನಂತೆ ಕಂಡ. "ಯಾರದ್ದು, ಏನು ಅಂತ ನಂಗೆ ಹೇಳ್ಬೇಡ."

ಅವಳು ಹಿಂತಿರುಗುವಾಗ ಜೌಗುನೆಲದ ದಾರಿ ಹಿಡಿದಳು. ಕಾಲುವೆಯ ದಂಡೆಯಲ್ಲಿ ಈಲು ಮೀನು ಹಿಡಿಯುವ ಬುಟ್ಟಿಗಳು ಹಾಗೇ ಕೊಳೆಯುತ್ತಿದ್ದವು. ಇಟ್ಟವರು ಎತ್ತಲು ಬಂದಿರಲಿಲ್ಲ. ದಾರಿಗೆ ತಾಗಿದ ಮೂರು ಮನೆಗಳ ಸೂರು ಕುಸಿದಿತ್ತು. ಮೂರನೆಯದು ಸೂಲಗಿತ್ತಿಯ ಮನೆ. ಅಲ್ಲಿ ಸಿಬಿಲ್ ನಿಂತಳು.

ಗಿಲ್ಬರ್ಟ್ ಹುಟ್ಟಿದ ದಿನ ಮಾಬೆಲಳ ಕೋಣೆಯಲ್ಲಿ ಐದು ಹೆಂಗಸರಿದ್ದರು. ಮಗು ನೀಲಿಗಟ್ಟಿ ಬಂದಿತ್ತು, ಉಸಿರಿರಲಿಲ್ಲ. ಇಂಥ ಹೊತ್ತಿನಲ್ಲಿ ಪಾದ್ರಿಗೆ ಕಾಯುವಂತಿಲ್ಲ; ಹತ್ತಿರ ಇದ್ದವರು ಯಾರೇ ಆಗಲಿ ನೀರು ಸುರಿದು ಜ್ಞಾನಸ್ನಾನ ಕೊಡಬೇಕು, ಇಲ್ಲದಿದ್ದರೆ ಆ ಜೀವಕ್ಕೆ ಸ್ವರ್ಗದ ಬಾಗಿಲು ಮುಚ್ಚಿದ ಹಾಗೆ. ಬಟ್ಟಲು ಹಿಡಿದು ನಿಂತವಳು ಸಿಬಿಲ್. "ಸುರೀ" ಎಂದು ಸೂಲಗಿತ್ತಿ ಕೂಗಿದಳು. ಸಿಬಿಲ್ ಕೈ ಎತ್ತಿದ್ದಳು. ಅಷ್ಟರಲ್ಲಿ ಮಗು ಚೀರಿತು. ಎಲ್ಲರೂ ನಕ್ಕರು, ಕೆಲವರು ಅತ್ತರು, ಬಟ್ಟಲಿನ ನೀರನ್ನು ಹೊಸ್ತಿಲಾಚೆ ಚೆಲ್ಲಿದರು.

ಆ ನೀರು ಮಗುವಿನ ಮೇಲೆ ಬಿದ್ದಿದ್ದರೆ ಅವಳು ಅದರ ಜ್ಞಾನತಾಯಿ, ಎಂದರೆ ದೇವರ ಲೆಕ್ಕದಲ್ಲಿ ತಾಯಿ, ಆಗುತ್ತಿದ್ದಳು. ಜ್ಞಾನತಾಯಿಯ ಮಕ್ಕಳೂ ಆ ಮಗುವೂ ಒಡಹುಟ್ಟಿದವರೇ. ಅಂಥವರಿಗೆ ಯಾವ ಪಾದ್ರಿಯೂ ಮದುವೆ ಮಾಡಿಸುವುದಿಲ್ಲ. ಅವರು ಬಾಯಲ್ಲಿ ಹೇಳಿಕೊಂಡರೂ ಅದು ಮದುವೆ ಅಲ್ಲ. ಇದು ಊರಿನ ಎಳೆ ಹುಡುಗಿಗೂ ಗೊತ್ತು.

ಆ ಐವರಲ್ಲಿ ಈಗ ಉಳಿದವಳು ಒಬ್ಬಳೇ.

ಸುಗ್ಗಿಯ ಬಿಸಿಲು ಕುಸಿದ ಸೂರಿನೊಳಗೆ ನೇರ ಇಳಿಯುತ್ತಿತ್ತು. ಪವಿತ್ರ ಪುಸ್ತಕ ಮುಟ್ಟಿ ಸುಳ್ಳು ಹೇಳುವುದು ಆತ್ಮವನ್ನೇ ಕೊಲ್ಲುವ ಪಾಪ. ಅದನ್ನು ಮುಂದೆ ಹೇಳಿಕೊಂಡು ಕಳೆದುಕೊಳ್ಳುವುದೂ ಸಾಧ್ಯವಿಲ್ಲ. ಹೇಳಿಕೊಂಡರೆ, ಆ ಸುಳ್ಳನ್ನು ಹಿಂದಕ್ಕೆ ತೆಗೆದುಕೋ ಎನ್ನುತ್ತಾನೆ ಪಾದ್ರಿ. ಮಾಬೆಲ್ ತನ್ನ ಭಾರವನ್ನು ಇಳಿಸಿ ಹೋದಳು. ಇದನ್ನು ಇಳಿಸಲು ತನಗೆ ಯಾರ ಕಿವಿಯೂ ಇರುವುದಿಲ್ಲ. ಸಿಬಿಲ್ ಇದನ್ನು ಎರಡು ಸಲ ಯೋಚಿಸಿದಳು. ಮೂರನೆಯ ಸಲ ಯೋಚಿಸಿದರೆ ಕಾಲು ಬರುವುದಿಲ್ಲವೆಂದು ಅಲ್ಲಿಂದ ನಡೆದಳು.

ಮೂರನೆಯ ಭಾನುವಾರ ಪಾದ್ರಿ ಕೇಳಿ ಕಾದ. ಮೊದಲ ಉಸಿರಿಗೇ ಸಿಬಿಲ್ ಮುಂದೆ ಬಂದಳು.

"ಇದೆ, ಸ್ವಾಮಿ. ಆ ಹುಡುಗ ಹುಟ್ಟಿದಾಗ ಸಾಯೋ ಹಾಗಿತ್ತು. ನಾನೇ ನೀರು ಸುರಿದೆ. ತಂದೆಯ, ಮಗನ, ಪವಿತ್ರಾತ್ಮನ ಹೆಸರಲ್ಲಿ. ಆಮೇಲೆ ಬದುಕಿದ. ಹೆದರಿ ಯಾರಿಗೂ ಹೇಳ್ಲಿಲ್ಲ."

ಹಾಬ್ ಮೆಲ್ಲನೆ, "ಅಯ್ಯೋ, ನನ್ನ ಪೀಪಾಯಿ," ಎಂದವನು, ತನ್ನ ಮಾತು ತನಗೇ ಕೇಳಿಸಿ ತಲೆ ತಗ್ಗಿಸಿದ.

"ಇಪ್ಪತ್ತು ವರ್ಷ ಸುಮ್ಮನಿದ್ಯಾ?" ಎಂದ ಪಾದ್ರಿ. "ಎರಡು ಸಲ ಸಾರಿದಾಗ್ಲೂ?"

"ಸುಮ್ಮನಿದ್ದೆ."

"ನೋಡಿದೋರು ಯಾರು?"

"ಎಲ್ರೂ ಹೊರಗೆ ಮಲಗಿದಾರೆ ಸ್ವಾಮಿ. ಹಾಬ್‌ಗೆ ಗೊತ್ತು ಎಲ್ಲಿ ಅಂತ."

ಪಾದ್ರಿ ಪುಸ್ತಕ ತಂದು ಅವಳ ಮುಂದೆ ಹಿಡಿದ. ಅದರ ತೊಗಲು ತಣ್ಣಗಿತ್ತು. ಅವಳು ಬಲಗೈ ಇಟ್ಟು ಅದನ್ನೇ ಮತ್ತೆ ಹೇಳಿದಳು. ಅವನು ಅವಳ ಮುಖವನ್ನು ದಿಟ್ಟಿಸಿದ. ಗುರುವಾರದ ಅಂಗಳ ಅವನ ಕಣ್ಣಿಗೆ ಬಂದು ಹೋದದ್ದು ಅವಳಿಗೆ ಕಂಡಿತು. ಅವನು ಇನ್ನೊಂದು ಪ್ರಶ್ನೆ ಕೇಳಬಹುದಿತ್ತು. ಕೇಳಲಿಲ್ಲ. ಮದುವೆ ನಡೆಯುವಂತಿಲ್ಲ ಎಂದು ಜನಕ್ಕೆ ಹೇಳಿದ. ಇಷ್ಟು ವರ್ಷ ಮುಚ್ಚಿಟ್ಟ ತಪ್ಪಿಗೆ ಸಿಬಿಲ್ ಮೂರು ಭಾನುವಾರ ಒಳಂಗಿಯಲ್ಲಿ, ಬರಿಗಾಲಲ್ಲಿ, ಮೇಣದ ಬತ್ತಿ ಹಿಡಿದು ಚರ್ಚಿನ ಬಾಗಿಲಲ್ಲಿ ನಿಲ್ಲಬೇಕೆಂದ. ಮಾಡದ ತಪ್ಪಿನ ಶಿಕ್ಷೆ ಅವಳಿಗೆ ಹಗುರವೆನಿಸಿತು.

ಹೊರಗೆ ಗಿಲ್ಬರ್ಟ್ ಎದುರಿಗೆ ಬಂದು ನಿಂತ. ತುಟಿ ಬಿಳಿಚಿತ್ತು.

"ಇನ್ಮೇಲೆ ನಿಮ್ಮನ್ನ ತಾಯಿ ಅನ್ಬೇಕಂತೆ," ಎಂದ. "ಇದ್ದ ಒಬ್ಬ ತಾಯೀನೂ ಹೋದ್ಲು ಅಂದ್ಕೊಂಡಿದ್ದೆ. ಇನ್ನೊಬ್ಬಳು ಬಾಗಿಲ ಮರೇಲಿ ನಿಂತಿದ್ಲು ಅಂತ ಗೊತ್ತಿರ್ಲಿಲ್ಲ."

ಅವಳು ಅವನ ತಲೆ ಮುಟ್ಟಲು ಕೈ ಎತ್ತಿದಳು. ಅವನು ಹಿಂದೆ ಸರಿದ.

ಮನೆಗೆ ಬಂದ ಮೇಲೆ ಅವಿಸ್ ಅಳಲಿಲ್ಲ. ತನ್ನ ಎರಡು ಲಂಗ, ಒಂದು ಬಾಚಣಿಗೆ ಮಡಚಿ ಗಂಟು ಕಟ್ಟಿದಳು. ವೆಲ್ಸ್ ಪಟ್ಟಣದಲ್ಲಿ ಮನೆಗೆಲಸಕ್ಕೆ ಹೆಂಗಸರು ಸಿಗುತ್ತಿಲ್ಲವಂತೆ, ಹೋಗುತ್ತೇನೆ ಎಂದಳು. ಸಿಬಿಲ್ ತಲೆಯಾಡಿಸಿದಳು. ಗಂಟಿನ ಮೇಲೆ ಕೈಯಿಟ್ಟು ಅವಿಸ್ ನಿಂತಳು.

"ನೀನು ನೀರು ಸುರೀಲಿಲ್ಲ."

ಸಿಬಿಲ್ ಒಲೆಯ ಹತ್ತಿರ ಹೋದಳು.

"ಆ ಕಥೆ ಮಾಬೆಲ್ ಅತ್ತೆ ನಂಗೆ ನೂರು ಸಲ ಹೇಳಿದಾರೆ. ನಿಮ್ಮವ್ವ ಬಟ್ಟಲು ಎತ್ತಿದ್ಲು, ಅಷ್ಟರಲ್ಲಿ ಅತ್ತ, ನೀರಿಗೂ ಮುಂಚೆ ಅತ್ತ ಅಂತ ಹೇಳಿ ಹೇಳಿ ನಗೋರು."

"ಚರ್ಚಲ್ಲೇ ಅದನ್ನ ಹೇಳ್ಬಹುದಿತ್ತಲ್ಲ."

"ಹೇಳಿದ್ರೆ? ನಿನ್ನ ಕೈ ಪುಸ್ತಕದ ಮೇಲಿತ್ತು, ಅವ್ವಾ. ಇಡೀ ಊರಿನ ಮುಂದೆ ನನ್ನ ಬಾಯಿಂದಲೇ ನಿನ್ನನ್ನ ಸುಳ್ಳಿ ಮಾಡ್ಲಾ?"

ಒಲೆಯ ಮೇಲೆ ಕಡಾಯಿ ಕುದಿಯತೊಡಗಿತ್ತು. ಸಿಬಿಲ್ ಹುಟ್ಟು ಕೈಗೆತ್ತಿಕೊಂಡಳು.

"ಯಾಕೆ ಅಂತ ಮಾತ್ರ ಹೇಳು. ಅಷ್ಟೇ ಸಾಕು. ಅವನನ್ನ ಕಂಡ್ರೆ ದ್ವೇಷ ಅಂತ ಹೇಳು, ನಂಬ್ತೀನಿ. ನಾನು ಬಿಟ್ಟು ಹೋಗ್ಬಾರ್ದು ಅಂತ ಮಾಡಿದೆ ಅನ್ನು, ಅದನ್ನೂ ನಂಬ್ತೀನಿ."

ದ್ವೇಷ ಎಂದು ಹೇಳಬಹುದಿತ್ತು. ಅದು ಮಗಳಿಗೆ ಸುಲಭವಾಗುತ್ತಿತ್ತು. ಒಂದು ಸುಳ್ಳಿನ ಮೇಲೆ ಇನ್ನೊಂದು ಹೇರಲು ಸಿಬಿಲಳಿಗೆ ನಾಲಿಗೆ ಏಳಲಿಲ್ಲ.

ಅವಿಸ್ ಒಲೆಯನ್ನು ಬಳಸಿ ಎದುರಿಗೆ ಬಂದಳು. ತಾಯಿಯ ಮುಖದಲ್ಲಿ ಹುಡುಕತೊಡಗಿದಳು. ಕಣ್ಣು, ತುಟಿ, ಹಣೆ. ಮಾಬೆಲ್ ಸಾಯುವಾಗ ಆ ಕೋಣೆಯಲ್ಲಿ ಇದ್ದವರು ಯಾರು ಎಂಬುದು ಅವಳಿಗೂ ಗೊತ್ತಿತ್ತು. ಹುಡುಕುತ್ತ ಹುಡುಕುತ್ತ ಅವಳ ಕಣ್ಣುಗಳು ಒಂದು ಕ್ಷಣ ನಿಂತವು, ಏನೋ ಸಿಗಲಿದೆ ಎಂಬಂತೆ.

ಸಿಬಿಲ್ ಮುಖವನ್ನು ಕಲ್ಲು ಮಾಡಿಕೊಂಡಳು. ಹಬೆಗೆ ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಂಡರೆ ಅದೂ ಒಂದು ಉತ್ತರವಾದೀತೆಂದು ಒರೆಸಿಕೊಳ್ಳದೆ, ಬಾರ್ಲಿ ತಳ ಹಿಡಿಯದ ಹಾಗೆ ಒಂದೇ ಸಮನೆ ತಿರುವುತ್ತ ನಿಂತಳು.