ಹೆಚ್ ಇರೋದ ತಗೋ ಯಪ್ಪಾ

ನನ್ನ ತಮ್ಮ ಅಂಜಿನೇಯ ದೇವದುರ್ಗದಾಗ ಟೇಲರ್. ಗಾಡಿ ಮ್ಯಾಲಿಂದ ಬಿದ್ದು ಬಲಗೈ ಮುರಕೊಂಡ. ಎಲುಬು ಕೂಡ್ತು, ಬೆರಳು ಮಾತ್ರ ಮಾತು ಕೇಳವಲ್ಲವು. ದಿನಾ ಆಡಸದಿದ್ರ ಹಂಗ ಸೆಟಕೊಂಡು ಬಿಡ್ತಾವ ಅಂತ ಡಾಕ್ಟರ್ ಹೆದರಿಸಿದ್ರು. ಚೆಂಡು ಹಿಚುಕೋ ಅಂದ್ರ ಇಂವ ಗ್ವಾಡಿಗೆ ಮುಖ ಮಾಡಿ ಮಲಗ್ತಾನ. ಎರಡು ಕಪಾಳಕ್ಕ ಹಾಕಬೇಕು ಅನ್ನಿಸ್ತಿತ್ತು ನನಗ.

ಇಂವ ಮನಸಿಟ್ಟು ಬೆರಳು ಆಡ್ಸೋದು ಹಳೇ ಗೇಮ್ ಕನ್ಸೋಲಿನ ಕಾರ್ ರೇಸಿಗೆ ಒಂದಕ್ಕ. ಆ ಕನ್ಸೋಲ್ ಸುಟ್ಟು ಹೋಗಿತ್ತು.

"ಲ್ಯಾಪ್‌ಟಾಪ್‌ಗೆ ಎಮ್ಯುಲೇಟರ್ ಅನ್ನೋ ಸಾಫ್ಟ್‌ವೇರ್ ಹಾಕಿದ್ರ ಅದ ಗೇಮ್ ಓಡ್ತದ ಅಕ್ಕಾ," ಅಂದ ಮತೀನ್. ಮಾನ್ವಿಯಂವ, ತಮ್ಮನ ಗೆಳೆಯ. "ಪ್ರೊಸೆಸರ್ ನಂಬರಿನ ಕೊನಿಗೆ ಹೆಚ್ ಇರೋದ ತಗೋರಿ. ಯು ಬ್ಯಾಡ. ಅದು ಕರೆಂಟ್ ಉಳಿಸೋದು, ಬಿಸಿ ಆತಂದ್ರ ಮಂದ ಆಗ್ತದ."

ನಮ್ಮಪ್ಪ ಬೂದೆಪ್ಪ ಲ್ಯಾಪ್‌ಟಾಪ್ ತರಾಕ ರಾಯಚೂರಿನ ಅಂಗಡಿಗೆ ಹೋಗಿದ್ದ. ನಾ ಗಬ್ಬೂರಿನ ಬಸ್ಸಿನಾಗ ನಿಂತು ಫೋನಿನಾಗ ಒದರಿದ್ನಿ, "ಹೆಚ್ ಇರೋದ ತಗೋ ಯಪ್ಪಾ!"

"ಆತು ಬಿಡವ್ವಾ," ಅಂದ.

ಲ್ಯಾಪ್‌ಟಾಪ್ ಬಂತು. ಅಂಜಿ ಗೇಮ್ ಆಡೋ ಗುಂಡಿಯ ಪ್ಯಾಡ್ ಹಿಡದ. ಮೊದಲ್ನೇ ಸುತ್ತು ಚೊಲೊ ಓಡ್ತು. ಆಮ್ಯಾಲ ಕಾರು ಎಳದಾಡಾಕತ್ತು. ಇಂವ ಗುಂಡಿ ಒತ್ತಿದ ಎಷ್ಟೋ ಹೊತ್ತಿಗೆ ಅದು ತಿರುಗಿ ಗ್ವಾಡಿಗೆ ಬಡೀತು. ಅಂಜಿ ಸ್ಕ್ರೀನ್ ನೋಡಲಿಲ್ಲ, ತನ್ನ ಬೆರಳು ನೋಡಿಕೊಂಡ.

"ನನ್ನ ಕೈ ಮುಗೀತಕ್ಕಾ. ಹೊಲಿಗಿ ಮಷೀನ್ ಯಾರಿಗರೆ ಕೊಟ್ಟುಬಿಡ್ರಿ."

"ಲೇ, ಬಾಯಿ ಮುಚ್ಚು!" ಅಂದು ಮತೀನ್‌ಗೆ ವಿಡಿಯೋ ಕಾಲ್ ಮಾಡಿದ್ನಿ. ನಂಬರಿನ ಕೊನಿಗೆ ಯಾವ ಅಕ್ಷರ ಅದ ಅಂತ ಕೇಳಿದ. ನೋಡಿದ್ರ ಯು!

"ಯಪ್ಪಾ, ಏನ್ ತಂದಿ ನೀನು? ಹೆಚ್ ಅಂದಿದ್ನಲ್ಲಾ!"

"ಹೆಚ್ಚ ಇರೋದ ತಂದೀನಲ್ಲವ್ವಾ. ಐ ಫೈವ್ ಅಂತ ಐದರದು ತೋರಿಸಿದ್ರು, ಐ ಸೆವೆನ್ ಅಂತ ಏಳರದು ತೋರಿಸಿದ್ರು. ಐದಕ್ಕಿಂತ ಏಳು ಹೆಚ್ಚಲ್ಲೇನು?"

ಏನಂತೀರಿ ಇದಕ್ಕ? ತಪ್ಪು ಲ್ಯಾಪ್‌ಟಾಪಿಂದು, ನಿನ್ನ ಕೈದಲ್ಲ ಅಂತ ತಮ್ಮಗ ಹೇಳಿದ್ನಿ. ಅಂಜಿ ಮಾತ್ರ ನಂಬಲಿಲ್ಲ. "ನನಗ ಸಮಾಧಾನ ಮಾಡಾಕ ಎಲ್ಲಾರೂ ಕೂಡಿ ಸುಳ್ಳು ಹೇಳಾಕತ್ತೀರಿ," ಅಂದ.

ಮರುದಿನ ನಾನ ರಾಯಚೂರಿಗೆ ಹೋದ್ನಿ. ಅಂಗಡಿಯವ್ರು ಕತಿ ಕೇಳಿ ಹೊಟ್ಟಿ ಹಿಡಕೊಂಡು ನಕ್ಕು ಬದಲಿ ಕೊಟ್ರು. ಐದರದ, ಹೆಚ್. ವಾಪಸ್ ಬರೋ ಬಸ್ಸಿನಾಗ ಅದನ್ನ ತೊಡಿಮ್ಯಾಲ ಇಟ್ಕೊಂಡು ಕುಂತಾಗ ನನಗ ಅಂಜಿಕಿ ಹತ್ತಿತು. ಇದರಾಗೂ ಕಾರು ತಿರುಗಲಿಲ್ಲಂದ್ರ? ಆಗ ಬೈಯಾಕ ಯಾವ ಪ್ರೊಸೆಸರೂ ಇರಂಗಿಲ್ಲ.

ಅಂಜಿ ಪ್ಯಾಡ್ ಮುಟ್ಟವಲ್ಲ. ನಾನ ಅವನ ಕೈಯಾಗ ತುರುಕಿದ್ನಿ. ಲ್ಯಾಪ್‌ಟಾಪಿನ ಫ್ಯಾನು ಬುಸುಗುಟ್ಟಾಕತ್ತು, ಕಾರು ಮಾತ್ರ ಎಲ್ಲೂ ಎಳದಾಡಲಿಲ್ಲ. ಮೊದಲ್ನೇ ತಿರುವು ಬಂತು. ಒತ್ತಿದ. ಗ್ವಾಡಿಗೆ ಬಡೀತು. ಮತ್ತೊಂದು ತಿರುವು. ಮತ್ತ ಬಡೀತು.



"ಲ್ಯಾಪ್‌ಟಾಪ್ ಸರಿ ಅದ," ಅಂದ ಅಂಜಿ. "ತಪ್ಪಿದ್ದು ನಾನು."

ಯಪ್ಪ ಎದ್ದು ಹೊರಗ ಹೊಂಟ. ಅವನ ಕಣ್ಣು ನೋಡೋ ಧೈರ್ಯ ನನಗಾಗಲಿಲ್ಲ.

"ಎಲ್ಲಿ ಹೊಂಟಿ? ಕುಂದ್ರು ಯಪ್ಪಾ," ಅಂದ ಅಂಜಿ. ಪ್ಯಾಡ್ ಇನ್ನೂ ಕೈಯಾಗ ಇತ್ತು. "ಮೊದಲ್ನೇದು ತಡ ಒತ್ತಿದ್ನಿ. ಎರಡನೇದು ಲಗೂ ಒತ್ತಿಬಿಟ್ನಿ. ಈ ಬೆರಳಿಲೆ ಲಗೂ ಒತ್ತೀನಕ್ಕಾ, ಕೇಳಿದ್ಯಾ? ಹಾಕು, ಮತ್ತೊಂದು ರೇಸ್ ಹಾಕು!"